ಡಾಯ್ಚ್‌ಲಾಂಡ್ ಟಿಕೆಟ್ ರಿವ್ಯೂ: ಒಂದು ತಿಂಗಳು ಜರ್ಮನಿ ಸುತ್ತೋಕೆ ಈ ಪಾಸು ಸಾಕಾಗುತ್ತಾ?

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಕೈಯಲ್ಲಿ ಟೈಮ್ ಇದ್ದು ಜೇಬು ಸಣ್ಣದಿರೋರಿಗೆ ಜರ್ಮನಿಲಿ ಇದಕ್ಕಿಂತ ಒಳ್ಳೆ ಡೀಲ್ ನಂಗಂತೂ ಕಾಣ್ಲಿಲ್ಲ. ಆದ್ರೆ ಒಂದು ವಾರಕ್ಕೆ ಬಂದು ಮ್ಯೂನಿಕ್ಕು, ಬರ್ಲಿನ್ನು, ಕಲೋನು ಮೂರನ್ನೂ ಮುಟ್ಟಿ ಫೋಟೋ ಹೊಡ್ಕೊಂಡು ವಾಪಸ್ ಹೋಗೋ ಪ್ಲಾನ್ ಇದ್ರೆ ಇದನ್ನ ತಗೋಳ್ಳೇಬೇಡಿ, ಟ್ರೈನ್ ಸೀಟಲ್ಲೇ ಅರ್ಧ ರಜಾ ಮುಗ್ದೋಗುತ್ತೆ. ನಂಗೆ ಎರಡು ಕೆಲಸದ ಮಧ್ಯೆ ಗ್ಯಾಪ್ ಸಿಕ್ಕಿತ್ತು, ಸೆಪ್ಟೆಂಬರ್ ಪೂರ್ತಿ ಅಲ್ಲೇ ಇದ್ದೆ, ಆ ಲೆಕ್ಕದಲ್ಲಿ ಬರೀತಾ ಇದ್ದೀನಿ.

ಇದು ಏನು ಅಂತ ಗೊತ್ತಿಲ್ಲದೋರಿಗೆ: ಒಂದು ತಿಂಗಳ ಪಾಸು, ಇಡೀ ದೇಶದ ಲೋಕಲ್ ಟ್ರೈನು, ರೀಜನಲ್ ಟ್ರೈನು, ಮೆಟ್ರೋ, ಟ್ರಾಮು, ಸಿಟಿ ಬಸ್ಸು ಎಲ್ಲಕ್ಕೂ ಇದೊಂದೇ ಸಾಕು. 2022ರ ಜೂನ್‌ನಿಂದ ಆಗಸ್ಟ್ ತನಕ, ಯುಕ್ರೇನ್ ಯುದ್ಧದಿಂದ ಪೆಟ್ರೋಲು ಗ್ಯಾಸು ಎಲ್ಲಾ ಏರಿದಾಗ ಅಲ್ಲಿನ ಸರ್ಕಾರ ತಿಂಗಳಿಗೆ 9 ಯೂರೋ ಟಿಕೆಟ್ ಬಿಟ್ಟಿತ್ತು, ಜನ ಮುಗಿಬಿದ್ದು ತಗೊಂಡ್ರು, ಅದರ ಹಿಂದೆನೇ 2023ರ ಮೇ 1ಕ್ಕೆ ಈ ಪಾಸು ಬಂತು. ಆಗ 49 ಯೂರೋ, 2025ರ ಜನವರಿಯಿಂದ 58, 2026ರ ಜನವರಿಯಿಂದ 63. ನಾನು ಹೋದಾಗ 58 ಇತ್ತು, ನಮ್ಮ ದುಡ್ಡಲ್ಲಿ ಹೆಚ್ಚುಕಮ್ಮಿ ಆರು ಸಾವಿರ. ಜಾಸ್ತಿ ಅನ್ಸುತ್ತಾ? ಬರ್ಲಿನ್ ಊರೊಳಗಿನ ಒಂದು ಸಿಂಗಲ್ ಟಿಕೆಟ್ಟೇ ಆಗ 3.80 ಯೂರೋ. ದಿನಕ್ಕೆ ಎರಡು ಸಲ ಮೆಟ್ರೋ ಹತ್ತಿದ್ರೂ ಹತ್ತು ದಿನದೊಳಗೆ ಪಾಸಿನ ದುಡ್ಡು ಬಂದುಬಿಡುತ್ತೆ, ಊರಿಂದ ಊರಿಗೆ ಹೋಗಿದ್ದೆಲ್ಲಾ ಫ್ರೀ ಅಂತ ಲೆಕ್ಕ ಇಟ್ಕೊಳ್ಳಿ.

ಇದರಲ್ಲಿ ಬರದೇ ಇರೋದು ಐಸಿಇ, ಐಸಿ, ಇಸಿ ಅನ್ನೋ ಲಾಂಗ್ ಡಿಸ್ಟೆನ್ಸ್ ಟ್ರೈನ್‌ಗಳು, ಖಾಸಗಿ ಕಂಪ್ನಿಯ ಫ್ಲಿಕ್ಸ್‌ಟ್ರೈನು, ಫ್ಲಿಕ್ಸ್‌ಬಸ್ಸು. ಬರೋದು ಆರ್‌ಇ, ಆರ್‌ಬಿ ಅನ್ನೋ ರೀಜನಲ್ ಟ್ರೈನ್‌ಗಳು, ಎಸ್-ಬಾನ್ ಅನ್ನೋ ಲೋಕಲ್ ಟ್ರೈನು, ಯು-ಬಾನ್ ಅನ್ನೋ ಮೆಟ್ರೋ. ಅಲ್ಲಿನ ಸರ್ಕಾರಿ ರೈಲ್ವೆ ಡಾಯ್ಚೆ ಬಾನ್‌ನ ಆ್ಯಪಲ್ಲಿ ಈ ಟಿಕೆಟ್‌ಗೆ ಆಗೋ ಕನೆಕ್ಷನ್ ಮಾತ್ರ ತೋರ್ಸು ಅಂತ ಒಂದು ಫಿಲ್ಟರ್ ಇದೆ, ಅದನ್ನ ಆನ್ ಮಾಡಿ ಬಿಟ್ಬಿಡಿ, ಆಮೇಲೆ ಆಫ್ ಮಾಡೋ ಆಸೆನೇ ಬರಬಾರ್ದು. ಐಸಿಇ ಟೈಮಿಂಗ್ ಕಣ್ಣಿಗೆ ಬಿದ್ರೆ ಹೊಟ್ಟೆ ಉರಿಯುತ್ತೆ. ಮ್ಯೂನಿಕ್‌ನಿಂದ ನ್ಯೂರೆನ್‌ಬರ್ಗ್‌ಗೆ ಐಸಿಇಲಿ ಒಂದು ಗಂಟೆ ಚಿಲ್ರೆ, ಆರ್‌ಇಲಿ ಒಂದೂಮುಕ್ಕಾಲು, ಇದು ಪರ್ವಾಗಿಲ್ಲ. ಮ್ಯೂನಿಕ್‌ನಿಂದ ಬರ್ಲಿನ್‌ಗೆ ಐಸಿಇಲಿ ನಾಲ್ಕು ಗಂಟೆ, ಈ ಪಾಸಲ್ಲಿ ಹೋದ್ರೆ ಒಂಬತ್ತು ಹತ್ತು ಗಂಟೆ, ಮಧ್ಯದಲ್ಲಿ ನಾಲ್ಕೈದು ಕಡೆ ಇಳಿದು ಹತ್ತಿ. ಅದನ್ನ ಯಾರೂ ಮಾಡ್ಬೇಡಿ.

ಅದಕ್ಕೇ ಈ ಪಾಸು ಕೈಯಲ್ಲಿದ್ರೆ ಪ್ಲಾನೇ ಬೇರೆ ಥರ ಮಾಡ್ಬೇಕು. ದಿನಾ ಊರು ಬದಲಾಯಿಸೋ ಆಟ ಬೇಡ. ಕೆಲವೇ ಕೆಲವು ಊರನ್ನ ಬೇಸ್ ಅಂತ ಇಟ್ಕೊಳ್ಳೋದು, ಅಲ್ಲಿ ಹಾಸ್ಟೆಲಲ್ಲಿ ಬ್ಯಾಗ್ ಬಿಸಾಕೋದು, ಬೆಳಗ್ಗೆ ತಿಂಡಿ ತಿಂದು ಎರಡು ಗಂಟೆ ಒಳಗಿನ ಯಾವ್ದಾದ್ರೂ ಜಾಗಕ್ಕೆ ಹೋಗಿ ರಾತ್ರಿ ವಾಪಸ್ ಬರೋದು. ಬೇಸ್‌ನಿಂದ ಬೇಸ್‌ಗೆ ತುಂಬಾ ದೂರ ಇದ್ರೆ ಆ ಒಂದು ಸಲಕ್ಕೆ ಮಾತ್ರ ಮುಂಚೆನೇ ಐಸಿಇ ಸೇವರ್ ಟಿಕೆಟ್ಟೋ ಬಸ್ಸೋ ಬುಕ್ ಮಾಡೋದು. ನಾನು ಮ್ಯೂನಿಕ್, ಸ್ಟುಟ್‌ಗಾರ್ಟ್, ಫ್ರೈಬುರ್ಗ್, ರೈನ್ ಕಣಿವೆ, ಹ್ಯಾಂಬರ್ಗ್, ಬರ್ಲಿನ್, ಡ್ರೆಸ್ಡೆನ್ ಹೀಗೆ ಇಟ್ಕೊಂಡಿದ್ದೆ, ಸ್ಟುಟ್‌ಗಾರ್ಟ್ ಯಾಕೆ ಅಂದ್ರೆ ಅಲ್ಲಿ ಚಿಕ್ಕಪ್ಪನ ಮಗ ಇದ್ದಾನೆ, ಬೆಂಗಳೂರಲ್ಲಿ ಆಟೋಮೊಬೈಲ್ ಕಂಪ್ನಿಲಿ ಇದ್ದು ಅಲ್ಲಿಗೆ ಹೋದವ್ನು, ನಮ್ಮೋರು ಆ ಕಡೆ ತುಂಬಾ ಜನ ಹಂಗೇ ಹೋಗಿದ್ದಾರೆ. ಊಟ ವಸತಿ ಎರಡೂ ಉಳೀತು, ಸಾರನ್ನಾನೂ ಸಿಕ್ತು.

ವೀಸಾಗೂ ಈ ಪ್ಲಾನ್ ಸುಲಭ. ಜರ್ಮನಿ ಸೇರಿ ಯೂರೋಪಿನ ಎಷ್ಟೋ ದೇಶಕ್ಕೆ ಒಂದೇ ಆಗಿರೋ ಷೆಂಗನ್ ಶಾರ್ಟ್ ಸ್ಟೇ ವೀಸಾಲಿ 180 ದಿನದಲ್ಲಿ 90 ದಿನ ಇರಬಹುದು, ಫೀಸು 2024ರ ಜೂನ್‌ನಿಂದ 90 ಯೂರೋ, ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರೇಜಿಂದು ಬೇಕು. ಎಲ್ಲೆಲ್ಲಿ ಎಷ್ಟೆಷ್ಟು ದಿನ ಇರ್ತೀರಾ ಅಂತ ಕೇಳ್ತಾರಲ್ಲ, ಬೇಸ್ ಕಮ್ಮಿ ಇದ್ರೆ ಬುಕಿಂಗ್ ಪೇಪರ್ರೂ ಕಮ್ಮಿ. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ಡೈರೆಕ್ಟ್ ಫ್ಲೈಟ್ ಇದೆ, ಆದ್ರೆ ಗಲ್ಫ್ ಮೇಲೆ ಹೋಗೋದು ಎಷ್ಟೋ ಸಲ ಅಗ್ಗ ಬೀಳುತ್ತೆ, ಅದು ನಿಮ್ಮ ತಾಳ್ಮೆ.

ಈಗ ಟಿಕೆಟ್ ತಗೊಳ್ಳೋ ವಿಷ್ಯ, ಇಲ್ಲೇ ನಮ್ಮೋರು ಒದ್ದಾಡೋದು. ಇದು ಟಿಕೆಟ್ ಅಲ್ಲ, ಸಬ್‌ಸ್ಕ್ರಿಪ್ಷನ್ನು. ತಿಂಗಳ 1ನೇ ತಾರೀಕಿಂದ ಕೊನೇ ತಾರೀಕಿನ ತನಕ. ನೀವು 15ಕ್ಕೆ ಲ್ಯಾಂಡ್ ಆಗಿ ಮುಂದಿನ 15ಕ್ಕೆ ವಾಪಸ್ ಅಂದ್ರೆ ಎರಡು ತಿಂಗಳ ಪಾಸು ಬೇಕಾಗುತ್ತೆ. ಹಾಗಾಗಿ ಫ್ಲೈಟ್ ಬುಕ್ ಮಾಡೋಕೆ ಮುಂಚೆನೇ ಕ್ಯಾಲೆಂಡರ್ ನೋಡಿ, ಒಂದನೇ ತಾರೀಕಿನ ಅಕ್ಕಪಕ್ಕ ಇಳಿಯೋ ಥರ ಮಾಡ್ಕೊಳ್ಳಿ, ಫ್ಲೈಟ್ ರೇಟು ಒಂದೆರಡು ಸಾವಿರ ಜಾಸ್ತಿ ಆದ್ರೂ ಲಾಸ್ ಇಲ್ಲ. ಕ್ಯಾನ್ಸಲ್ ಮಾಡೋದು ಆ ತಿಂಗಳ 10ನೇ ತಾರೀಕಿನೊಳಗೆ ಆಗ್ಬೇಕು, ಇಲ್ಲಾಂದ್ರೆ ಮುಂದಿನ ತಿಂಗಳ ದುಡ್ಡು ಕೂಡ ಕಟ್ ಆಗುತ್ತೆ, ನೀವಾಗ ಊರಲ್ಲಿ ಮನೇಲಿ ಕೂತಿರ್ತೀರ. ನಾನು ಪಾಸು ಆ್ಯಕ್ಟಿವ್ ಆದ ತಕ್ಷಣ ಅದೇ ಸಂಜೆ ಕ್ಯಾನ್ಸಲ್ ಒತ್ತಿಬಿಟ್ಟೆ, ತಿಂಗಳ ಕೊನೆ ತನಕ ಆರಾಮಾಗಿ ಓಡ್ತು.

ಎಲ್ಲಿ ತಗೋಬೇಕು ಅಂದ್ರೆ ಒಂದೇ ಕಡೆ ಅಲ್ಲ, ಬೇರೆ ಬೇರೆ ಊರಿನ ಟ್ರಾನ್ಸ್‌ಪೋರ್ಟ್ ಕಂಪ್ನಿಗಳು, ಆ್ಯಪ್‌ಗಳು ಎಲ್ಲಾ ಮಾರ್ತಾರೆ, ಎಲ್ಲಿ ತಗೊಂಡ್ರೂ ದೇಶ ಪೂರ್ತಿ ನಡೆಯುತ್ತೆ, ರೇಟೂ ಒಂದೇ. ಆದ್ರೆ ಪೇಮೆಂಟಲ್ಲಿ ವ್ಯತ್ಯಾಸ ಇದೆ. ಎಷ್ಟೋ ಕಡೆ ಯೂರೋಪಿನ ಬ್ಯಾಂಕ್ ಅಕೌಂಟ್ ಕೇಳ್ತಾರೆ, ಅದಿಲ್ದಿದ್ರೆ ಮುಂದಕ್ಕೇ ಬಿಡಲ್ಲ, ನಂಗೆ ಒಂದು ಆ್ಯಪಲ್ಲಿ ಎಲ್ಲಾ ತುಂಬಿಸಿ ಕೊನೇ ಸ್ಕ್ರೀನಲ್ಲಿ ಅದು ಗೊತ್ತಾಯ್ತು. ಮೊದ್ಲೇ ಹೇಳೋಕೆ ಏನು ರೋಗ ಇವ್ರಿಗೆ. ಕ್ರೆಡಿಟ್ ಕಾರ್ಡ್ ತಗೊಳ್ಳೋ ಆ್ಯಪ್‌ಗಳೂ ಇವೆ, ಅಂಥದ್ದನ್ನ ಹುಡುಕಿ, ನಮ್ಮ ಕಾರ್ಡಿನ ಓಟಿಪಿ ನಮ್ಮ ಸಿಮ್‌ಗೇ ಬರೋದು ಅನ್ನೋದು ಜ್ಞಾಪಕ ಇರ್ಲಿ, ಹಾಗಾಗಿ ಊರು ಬಿಡೋಕೆ ಮುಂಚೆನೇ ಈ ಕೆಲ್ಸ ಮುಗಿಸ್ಕೊಳ್ಳಿ. ಅಲ್ಲಿ ಹೋಗಿ ಏರ್‌ಪೋರ್ಟ್ ವೈಫೈಲಿ ರೋಮಿಂಗ್ ಆನ್ ಮಾಡಿ ಓಟಿಪಿಗೆ ಕಾಯೋದು ನರಕ.

ಹೆಸರಿನ ಗಲಾಟೆ ಇನ್ನೊಂದು. ಪಾಸು ನಿಮ್ಮ ಹೆಸರಿಗೇ ಇರುತ್ತೆ, ಬೇರೆಯೋರಿಗೆ ಕೊಡೋ ಹಾಗಿಲ್ಲ, ಚೆಕಿಂಗ್ ಬಂದಾಗ ಪಾಸ್‌ಪೋರ್ಟ್ ಜೊತೆ ಹೋಲ್ಸಿ ನೋಡ್ತಾರೆ. ನಮ್ಮ ಕಡೆ ಹೆಸರಲ್ಲಿ ಇನಿಷಿಯಲ್ಲು, ಅಪ್ಪನ ಹೆಸರು, ಊರ ಹೆಸರು ಎಲ್ಲಾ ಸೇರಿರುತ್ತಲ್ಲ, ಎಷ್ಟೋ ಜನಕ್ಕೆ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಕಾಲಂ ಖಾಲಿನೇ ಇರುತ್ತೆ. ಪಾಸ್‌ಪೋರ್ಟಲ್ಲಿ ಅಕ್ಷರ ಹೇಗಿದೆಯೋ ಹಾಗೇ ಹಾಕಿ, ಎಸ್. ಕೆ. ಅಂತೆಲ್ಲ ಶಾರ್ಟ್ ಮಾಡ್ಬೇಡಿ. ಸ್ಕ್ರೀನ್‌ಶಾಟ್ ನಡೆಯಲ್ಲ, ಆ್ಯಪಲ್ಲೇ ತೋರಿಸ್ಬೇಕು, ಫೋನ್ ಚಾರ್ಜ್ ಮುಗಿದ್ರೆ ನಿಮ್ಮ ಹತ್ರ ಟಿಕೆಟ್ ಇಲ್ಲ ಅಂತಲೇ ಲೆಕ್ಕ. ಟಿಕೆಟ್ ಇಲ್ದೆ ಸಿಕ್ಕಿದ್ರೆ 60 ಯೂರೋ ದಂಡ. ಹಾಗಾಗಿ ಪವರ್ ಬ್ಯಾಂಕು ಟಿಕೆಟ್‌ನಷ್ಟೇ ಮುಖ್ಯ.

ಚೆಕಿಂಗ್ ಹೇಗಿರುತ್ತೆ ಅಂದ್ರೆ, ಮೆಟ್ರೋ ಸ್ಟೇಷನ್‌ಗಳಲ್ಲಿ ನಮ್ಮ ಮೆಟ್ರೋ ಥರ ಗೇಟೇ ಇಲ್ಲ, ಸೀದಾ ಇಳಿದು ಹೋಗಿ ಹತ್ತೋದು. ದಿನಗಟ್ಲೆ ಯಾರೂ ಕೇಳಲ್ಲ. ಆಮೇಲೆ ಒಂದಿನ ಜೀನ್ಸ್ ಹಾಕ್ಕೊಂಡಿರೋ ಪಕ್ಕದ ಸೀಟಿನ ಮನುಷ್ಯನೇ ಡೋರ್ ಮುಚ್ಚಿದ ಕೂಡ್ಲೇ ಎದ್ದು ನಿಂತು ಮಷೀನ್ ತೆಗೀತಾನೆ. ರೀಜನಲ್ ಟ್ರೈನಲ್ಲಿ ಮಾತ್ರ ಯೂನಿಫಾರ್ಮ್ ಹಾಕಿರೋರೇ ಬರ್ತಾರೆ, ಕ್ಯೂಆರ್ ಸ್ಕ್ಯಾನ್ ಮಾಡಿ ಒಂದು ಬೀಪ್, ಮುಗೀತು. ಇನ್ನೊಂದು, ಬೋಗಿ ಬಾಗಿಲ ಪಕ್ಕ ದೊಡ್ಡದಾಗಿ 1 ಅಂತ ಬರ್ದಿದ್ರೆ ಅದು ಫಸ್ಟ್ ಕ್ಲಾಸು, ಎಷ್ಟೇ ಖಾಲಿ ಇದ್ರೂ ಕೂರಬೇಡಿ, ನಮ್ಮದು ಸೆಕೆಂಡ್ ಕ್ಲಾಸ್ ಪಾಸು.

ಸರಿ, ಈಗ ಓಡಾಡಿದ್ದರ ಬಗ್ಗೆ. ಈ ಪಾಸಿನ ನಿಜವಾದ ಮಜಾ ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ರೈನ್ ನದಿ ಪಕ್ಕದ ಲೈನು. ಕಲೋನ್‌ನಿಂದ ಮೈಂಟ್ಸ್‌ಗೆ ನದಿಯ ಎಡದಂಡೆ ಮೇಲೇ ಹೋಗೋ ಆರ್‌ಬಿ 26 ಅಂತ ಒಂದು ಪ್ಯಾಸೆಂಜರ್ ಗಾಡಿ ಇದೆ. ಐಸಿಇ ಹತ್ತಿದೋರು ಕಲೋನ್‌ನಿಂದ ಫ್ರಾಂಕ್‌ಫರ್ಟ್‌ಗೆ ಬೆಟ್ಟದ ಮೇಲಿನ ಹೊಸ ಲೈನಲ್ಲಿ ಒಂದು ಗಂಟೆ ಚಿಲ್ರೆಲಿ ಹೋಗ್ತಾರೆ, ಅವ್ರಿಗೆ ಸುರಂಗದ ಗೋಡೆ ಬಿಟ್ರೆ ಹೆಚ್ಚೇನೂ ಕಾಣ್ಸಲ್ಲ. ಈ ಬಡಪಾಯಿ ಗಾಡಿ ಮಾತ್ರ ಸಿಕ್ಕ ಸಿಕ್ಕ ಸ್ಟೇಷನಲ್ಲೆಲ್ಲಾ ನಿಂತ್ಕೊಂಡು ನೀರಿನ ಪಕ್ಕದಲ್ಲೇ ಹೋಗುತ್ತೆ. ಕಲೋನ್ ಕಡೆಯಿಂದ ಬರ್ತಿದ್ರೆ ಎಡಗಡೆ ಕಿಟಕಿ ಹಿಡೀರಿ, ನದಿ ಆ ಕಡೆನೇ ಇರೋದು. ಕೋಬ್ಲೆಂಟ್ಸ್ ದಾಟೋ ತನಕ ಸುಮಾರಾಗಿದೆ ಅಷ್ಟೇ. ಅಲ್ಲಿಂದ ಬಿಂಗೆನ್ ತನಕ ಯುನೆಸ್ಕೋ ಪಟ್ಟಿಲಿರೋ ಕಣಿವೆ, ಎರಡೂ ದಡದಲ್ಲಿ ಕೋಟೆ ಮೇಲೆ ಕೋಟೆ, ಕೆಳಗೆ ಕಡಿದಾದ ಇಳಿಜಾರಲ್ಲಿ ದ್ರಾಕ್ಷಿ ಸಾಲು, ಅದರ ಕೆಳಗೆ ಆ ಕಡೆ ದಡದಲ್ಲೂ ಒಂದು ರೈಲು, ಅದು ಗೂಡ್ಸು, ಮಧ್ಯ ನೀರಲ್ಲಿ ಉದ್ದುದ್ದ ಸರಕಿನ ಹಡಗು. ಸಾಂಕ್ಟ್ ಗೋರ್ ಹತ್ರ ಎದುರು ದಡದಲ್ಲಿ ಲೋರೆಲೈ ಬಂಡೆ ಬರುತ್ತೆ, ಎಲ್ರೂ ಕ್ಯಾಮೆರಾ ತೆಗೀತಾರೆ, ನಂಗಂತೂ ಬರೀ ಬಂಡೆ ಅನ್ನಿಸ್ತು. ಅದಾದ್ಮೇಲೆ ಓಬರ್‌ವೇಸೆಲ್ ದಾಟಿದ್ರೆ ನದಿ ನಟ್ಟನಡುವೆ ಸಣ್ಣ ದ್ವೀಪದ ಮೇಲೆ ಬಿಳೀ ಬಣ್ಣದ ಕೋಟೆ, ಫಾಲ್ಸ್‌ಗ್ರಾಫೆನ್‌ಷ್ಟೈನ್, ಹಿಂದೆ ಹಡಗುಗಳಿಂದ ಸುಂಕ ವಸೂಲಿ ಮಾಡೋಕೆ ಕಟ್ಟಿದ್ದು. ಅದನ್ನ ನೋಡಿ. ಟೋಲ್ ಗೇಟ್ ಅಂದ್ರೆ ಅದು.

ನಾನು ಉಳ್ಕೊಂಡಿದ್ದು ಬಾಖರಾಖ್ ಅನ್ನೋ ಪುಟ್ಟ ಊರಲ್ಲಿ, ಬೆಟ್ಟದ ಮೇಲಿನ ಷ್ಟಾಲೆಕ್ ಕೋಟೆನಲ್ಲಿ. ಹೌದು, ಕೋಟೆಲೇ. ಅದೀಗ ಯೂತ್ ಹಾಸ್ಟೆಲ್ಲು. ಈ ಯೂತ್ ಹಾಸ್ಟೆಲ್ ಅನ್ನೋ ಐಡಿಯಾನೇ ಜರ್ಮನಿದು, ರಿಖಾರ್ಡ್ ಷಿರ್‌ಮಾನ್ ಅನ್ನೋ ಮೇಷ್ಟ್ರು ಮಕ್ಕಳನ್ನ ಕರ್ಕೊಂಡು ನಡ್ಕೊಂಡು ಪ್ರವಾಸ ಹೋಗ್ತಿದ್ರು, ರಾತ್ರಿ ಉಳ್ಕೊಳ್ಳೋಕೆ ಜಾಗ ಸಿಗ್ದೆ ಈ ಯೋಚನೆ ಬಂದು 1912ರಲ್ಲಿ ಆಲ್ಟೆನಾ ಕೋಟೆಲಿ ಮೊದಲ್ನೇದು ಶುರು ಆಯ್ತು. ಮೆಂಬರ್‌ಷಿಪ್ ತಗೋಬೇಕು, ಆಮೇಲೆ ಬೆಡ್ ಜೊತೆ ಬೆಳಗ್ಗೆ ತಿಂಡಿ ಸೇರಿರುತ್ತೆ, ಬೆಡ್‌ಶೀಟೂ ಅವ್ರದ್ದೇ. ಸ್ಟೇಷನ್‌ನಿಂದ ಊರೊಳಗೆ ಬಂದು, ಒಂದು ಪಾಳುಬಿದ್ದ ಚಾಪೆಲ್ ಪಕ್ಕದ ಮೆಟ್ಲು ಹತ್ತಿ ಹೋಗ್ಬೇಕು, ಹತ್ತು ಕೆಜಿ ಬ್ಯಾಗ್ ಇದ್ರೆ ಬೆವರು ಕಿತ್ತು ಬರುತ್ತೆ, ಟ್ರಾಲಿ ಸೂಟ್‌ಕೇಸ್ ಅಂತೂ ಮರ್ತುಬಿಡಿ. ಆದ್ರೆ ಸಂಜೆ ಕೋಟೆ ಅಂಗಳದ ಗೋಡೆ ಪಕ್ಕ ನಿಂತ್ಕೊಂಡ್ರೆ ನದಿ ತಿರುವು ಪೂರ್ತಿ ಕೆಳಗಡೆ ಕಾಣ್ಸುತ್ತೆ, ಸ್ಕೂಲ್ ಮಕ್ಕಳ ದೊಡ್ಡ ಗುಂಪು ಬಂದಿದ್ರೆ ಗಲಾಟೆನೂ ಅಷ್ಟೇ ಇರುತ್ತೆ. ರಾತ್ರಿ ಪೂರ್ತಿ ಗೂಡ್ಸ್ ಗಾಡಿ ಸದ್ದು ಕಣಿವೆಲಿ ಗುಂಯ್‌ಗುಡ್ತಾ ಇರುತ್ತೆ, ಲೈಟ್ ಸ್ಲೀಪರ್ ಆಗಿದ್ರೆ ಇಯರ್‌ಪ್ಲಗ್ ಬೇಕೇ ಬೇಕು.

ಕಪ್ಪು ಕಾಡು, ಅಂದ್ರೆ ಬ್ಲ್ಯಾಕ್ ಫಾರೆಸ್ಟ್ ಕಡೆ ಎರಡು ಲೈನು ಬಿಡಬಾರ್ದು. ಫ್ರೈಬುರ್ಗ್‌ನಿಂದ ಟಿಟಿಸೇ ಕೆರೆಗೆ ಹೋಗೋದು, ನಲವತ್ತು ನಿಮಿಷದ ಏರು. ಇನ್ನೊಂದು ಓಫೆನ್‌ಬುರ್ಗ್‌ನಿಂದ ಟ್ರಿಬೆರ್ಗ್ ಮೇಲೆ ಕಾನ್‌ಸ್ಟಾನ್ಸ್ ತನಕ ಹೋಗೋ ಷ್ವಾರ್ಟ್ಸ್‌ವಾಲ್ಡ್‌ಬಾನ್, ರಾಬರ್ಟ್ ಗೆರ್ವಿಗ್ ಅನ್ನೋ ಎಂಜಿನಿಯರ್ ಪ್ಲಾನ್ ಮಾಡಿದ್ದು, 1873ರಲ್ಲಿ ಮುಗ್ದಿದ್ದು, 39 ಸುರಂಗ. ನಮ್ಮ ಸಕಲೇಶಪುರ ಸುಬ್ರಹ್ಮಣ್ಯ ಘಾಟಲ್ಲಿ 57 ಸುರಂಗ ನೋಡಿದೋರಿಗೆ ಸಂಖ್ಯೆ ದೊಡ್ಡದಲ್ಲ, ಆ ಜಲಪಾತ ಆ ಹಸಿರು ಇಲ್ಲಿಲ್ಲ, ಆದ್ರೆ ಇಲ್ಲಿ ಲೈನು ಎತ್ತರ ಹತ್ತೋಕೆ ತನ್ನನ್ನ ತಾನೇ ಸುತ್ಕೊಂಡು ತಿರುಗುತ್ತೆ, ಈಗಷ್ಟೇ ಬಿಟ್ಟು ಬಂದ ಹಳಿ ಕೆಳಗೆ ಇನ್ನೊಂದು ಕಿಟಕಿಲಿ ಕಾಣ್ಸುತ್ತೆ.

ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗೆನ್‌ಗೆ ಹೋಗಿದ್ದು ಬೇರೆ ಕಾರಣಕ್ಕೆ. ಕಿಟೆಲ್ ನಿಘಂಟು ಗೊತ್ತಲ್ಲ, 1894ರದ್ದು, ಎಂ.ಜಿ. ರೋಡಲ್ಲಿ ಪ್ರತಿಮೆ ಇದೆಯಲ್ಲ ಅವ್ರು, ಫರ್ಡಿನಾಂಡ್ ಕಿಟೆಲ್ ತೀರ್ಕೊಂಡಿದ್ದು 1903ರಲ್ಲಿ ಈ ಊರಲ್ಲೇ. ಅಲ್ಲಿನ ಯೂನಿವರ್ಸಿಟಿ ಅವ್ರಿಗೆ ಗೌರವ ಡಾಕ್ಟರೇಟ್ ಕೂಡ ಕೊಟ್ಟಿತ್ತು. ರೀಜನಲ್ ಟ್ರೈನಲ್ಲಿ ಒಂದು ಗಂಟೆ, ನೆಕ್ಕರ್ ನದಿ ಪಕ್ಕದಲ್ಲಿ. ದಾರಿಲಿ ಸಿಗೋ ಎಸ್ಲಿಂಗೆನ್‌ನಲ್ಲಿ 1881ರಲ್ಲಿ ತೀರ್ಕೊಂಡಿದ್ದು ಹರ್ಮನ್ ಮೊಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದೋರು, ಕನ್ನಡದ ಮೊದಲ್ನೇ ಪತ್ರಿಕೆ. ಎರಡೂ ಊರನ್ನ ಒಂದೇ ದಿನ ನೋಡ್ಕೊಂಡು ಬರಬಹುದು, ಮಧ್ಯೆ ಇಳಿದು ಮತ್ತೆ ಹತ್ತೋಕೆ ಈ ಪಾಸಲ್ಲಿ ಯಾರನ್ನೂ ಕೇಳ್ಬೇಕಾಗಿಲ್ಲ. ಇದೇ ನಂಗೆ ಇದರಲ್ಲಿ ತುಂಬಾ ಇಷ್ಟ ಆಗಿದ್ದು. ಕಿಟಕಿಲಿ ಒಂದು ಊರು ಚೆನ್ನಾಗಿ ಕಂಡ್ರೆ ಇಳಿದುಬಿಡೋದು, ಒಂದು ಗಂಟೆಗೆ ಮುಂದಿನ ಗಾಡಿ ಹೇಗೂ ಬರುತ್ತೆ. ಟ್ಯೂಬಿಂಗೆನ್ ಸೇತುವೆ ಮೇಲೆ ನಿಂತು ಕೆಳಗೆ ಹುಟ್ಟುಗೋಲು ಹಾಕೋ ದೋಣಿ ನೋಡ್ತಾ, ನಮ್ಮ ಕನ್ನಡದ ಶಬ್ದಗಳನ್ನೆಲ್ಲಾ ಬರ್ಕೊಂಡ ಮನುಷ್ಯ ಕೊನೆಗೆ ಈ ಚಳಿಲಿ ಇದ್ರಾ ಅಂತ ಅನ್ನಿಸ್ತು. ಚಿಕ್ಕಪ್ಪನ ಮಗನಿಗೆ ಹೇಳಿದ್ರೆ, ಅವ್ನು ಎಷ್ಟೋ ವರ್ಷದಿಂದ ಸ್ಟುಟ್‌ಗಾರ್ಟಲ್ಲೇ ಇದ್ದಾನೆ, ಒಂದು ಗಂಟೆ ದೂರದ ಈ ಊರಿಗೆ ಹೋಗೇ ಇಲ್ವಂತೆ.

ಮ್ಯೂನಿಕ್ ಕಡೆ ಫ್ಯೂಸೆನ್‌ಗೆ ಎರಡು ಗಂಟೆ, ಅಲ್ಲಿಂದ ನೊಯ್‌ಷ್ವಾನ್‌ಷ್ಟೈನ್ ಕೋಟೆ ಕೆಳಗಿನ ತನಕ ಬಸ್ಸು, ಅದೂ ಪಾಸಲ್ಲೇ, ಕೋಟೆ ಒಳಗೆ ಹೋಗೋಕೆ ಬೇರೆ ಟಿಕೆಟ್ಟು ಮುಂಚೆನೇ ತಗೋಬೇಕು. ಇನ್ನೊಂದು ಖುಷಿ, ಆಸ್ಟ್ರಿಯಾದ ಸಾಲ್ಸ್‌ಬುರ್ಗ್ ಮೇನ್ ಸ್ಟೇಷನ್ ತನಕ ಈ ಪಾಸು ನಡೆಯುತ್ತೆ, ಎರಡು ಗಂಟೆಲಿ ಇನ್ನೊಂದು ದೇಶ. ಪಾಸ್‌ಪೋರ್ಟ್ ಜೇಬಲ್ಲಿರ್ಲಿ, ಬಾರ್ಡರಲ್ಲಿ ಪೊಲೀಸ್ ಹತ್ತಿ ನೋಡೋದು ಮಾಮೂಲಿ. ಮ್ಯೂನಿಕ್‌ಗೆ ಯಾವಾಗ ಹೋಗ್ಬೇಕು ಅನ್ನೋದು ಮಾತ್ರ ಹುಷಾರು. ಅಕ್ಟೋಬರ್‌ಫೆಸ್ಟ್ ಅನ್ನೋ ಬಿಯರ್ ಜಾತ್ರೆ ಹೆಸರಿಗೆ ಅಕ್ಟೋಬರು, ಶುರು ಆಗೋದು ಸೆಪ್ಟೆಂಬರ್ ಮೂರನೇ ವಾರಕ್ಕೆ, ಆಗ ಡಾರ್ಮ್ ಬೆಡ್ ರೇಟು ಕೇಳಿದ್ರೆ ತಲೆ ತಿರುಗುತ್ತೆ. ನಾನು ಮ್ಯೂನಿಕ್ ಮೊದಲ್ನೇ ವಾರಕ್ಕೇ ಮುಗ್ಸಿ ಜಾಗ ಖಾಲಿ ಮಾಡ್ದೆ. ಭಾನುವಾರ ಆಲ್ಟೆ ಪಿನಾಕೊಥೆಕ್ ಮ್ಯೂಸಿಯಂಗೆ ಒಂದೇ ಯೂರೋ.

ಆ ಕಡೆ ಒಂದು ವಿಚಿತ್ರ ಇದೆ, ಗೊತ್ತಿದ್ರೆ ಒಳ್ಳೇದು. ಟ್ರೈನ್ ಮಧ್ಯದಲ್ಲೇ ಎರಡಾಗಿ ಒಡೆಯುತ್ತೆ. ಮ್ಯೂನಿಕ್‌ನಿಂದ ಟೆಗರ್ನ್‌ಸೇ ಕೆರೆ ಕಡೆ ಹೋಗೋ ಗಾಡಿ ಹೊರಡುವಾಗ ಉದ್ದಕ್ಕೆ ಒಂದೇ ಥರ ಕಾಣ್ಸುತ್ತೆ, ಹೋಲ್ಸ್‌ಕಿರ್ಖೆನ್‌ನಲ್ಲಿ ಒಂದು ಭಾಗ ಕಳಚ್ಕೊಂಡು ಬೈರಿಷ್‌ಟ್ಸೆಲ್‌ಗೆ ಹೋಗುತ್ತೆ, ಉಳಿದಿದ್ದು ಷಾಫ್ಟ್‌ಲಾಖ್‌ನಲ್ಲಿ ಮತ್ತೆ ಒಡೆದು ಒಂದು ಲೆಂಗ್ರೀಸ್‌ಗೆ ಒಂದು ಟೆಗರ್ನ್‌ಸೇಗೆ. ಅನೌನ್ಸ್‌ಮೆಂಟ್ ಜರ್ಮನಲ್ಲಿ ಬಂದು ಹೋಗಿರುತ್ತೆ. ನನ್ನೆದುರು ಕೂತಿದ್ದ ಅಜ್ಜಿ ನನ್ನ ಬ್ಯಾಗ್ ನೋಡಿ, ಎಲ್ಲಿಗೆ ಅಂತ ಕೈಸನ್ನೆಲಿ ಕೇಳಿ, ನಾನು ಹೆಸರು ಹೇಳಿದ್ದಕ್ಕೆ ಹಿಂದಿನ ಬೋಗಿ ಕಡೆ ಬೆರಳು ತೋರ್ಸಿ ಎಬ್ಬಿಸಿ ಕಳ್ಸಿದ್ರು. ಹತ್ತುವಾಗ ಬೋಗಿ ಪಕ್ಕದ ಡಿಸ್‌ಪ್ಲೇಲಿ ಯಾವ ಊರು ಅಂತ ನೋಡಿನೇ ಹತ್ತಿ, ಪ್ಲಾಟ್‌ಫಾರ್ಮ್ ಬೋರ್ಡ್ ಮಾತ್ರ ನಂಬ್ಬೇಡಿ.

ಹ್ಯಾಂಬರ್ಗಲ್ಲಿ 62 ನಂಬರ್ ಫೆರಿ, ಲಾಂಡುಂಗ್ಸ್‌ಬ್ರ್ಯೂಕೆನ್‌ನಿಂದ ಫಿಂಕೆನ್‌ವೆರ್ಡರ್‌ಗೆ, ಇದೂ ಪಾಸಲ್ಲೇ. ಟೂರಿಸ್ಟ್ ಬೋಟಿನೋರು ದಡದಲ್ಲಿ ನಿಂತು ಕೂಗಿ ಕರೀತಾರೆ, ನೀವು ಸುಮ್ನೆ ಹೋಗಿ ಇದರ ಮೇಲ್ಗಡೆ ಡೆಕ್ಕಲ್ಲಿ ಕೂತ್ಕೊಳ್ಳಿ, ಅದೇ ಬಂದರು, ಅದೇ ಕಂಟೇನರ್ ಹಡಗು, ಅದೇ ಗಾಳಿ. ಜಾಕೆಟ್ ಇರ್ಲಿ. ವುಪ್ಪರ್‌ಟಾಲ್‌ನ ನೇತಾಡೋ ಟ್ರೈನೂ ಪಾಸಲ್ಲಿ ಬರುತ್ತೆ, 1901ರಿಂದ ನದಿ ಮೇಲೆ ತಲೆಕೆಳಗಾಗಿ ಓಡ್ತಿದೆ, 1950ರಲ್ಲಿ ಸರ್ಕಸ್ಸಿನೋರು ಪ್ರಚಾರಕ್ಕೆ ಅಂತ ಟುಫಿ ಅನ್ನೋ ಆನೆಮರಿನ ಹತ್ತಿಸಿದ್ರು, ಅದು ಗಾಬರಿ ಆಗಿ ಗೋಡೆ ಒಡ್ಕೊಂಡು ನದಿಗೆ ಬಿತ್ತು, ಬದುಕ್ತು ಪುಣ್ಯಕ್ಕೆ. ಬರ್ಲಿನಲ್ಲಿ 100 ನಂಬರ್ ಡಬಲ್ ಡೆಕ್ಕರ್ ಬಸ್ಸು ಹತ್ತಿ ಮೇಲೆ ಮುಂದಿನ ಸೀಟ್ ಹಿಡಿದ್ರೆ ಅರ್ಧ ಊರು ಆಯ್ತು. ಅಲ್ಲಿನ ಪಾರ್ಲಿಮೆಂಟ್ ಕಟ್ಟಡ ರೈಖ್‌ಸ್ಟಾಗ್‌ನ ಗುಮ್ಮಟ ಫ್ರೀ, ಮುಂಚೆ ಹೆಸರು ನೋಂದಾಯಿಸ್ಬೇಕು. ಡ್ರೆಸ್ಡೆನ್‌ನಿಂದ ಎಸ್1 ಹಿಡಿದು ರಾಟೆನಲ್ಲಿ ಇಳಿದು ಬಾಸ್ಟೈ ಬಂಡೆ ಸೇತುವೆಗೆ ಹತ್ತಿ, ಅಲ್ಲಿ ನದಿ ದಾಟ್ಸೋ ಫೆರಿಗೆ ಎಂಜಿನ್ನೇ ಇಲ್ಲ, ಹಗ್ಗಕ್ಕೆ ಕಟ್ಟಿರ್ತಾರೆ, ನೀರಿನ ಸೆಳೆತಕ್ಕೇ ಆ ದಡ ಈ ದಡ ಹೋಗುತ್ತೆ.

ಹ್ಯಾಂಬರ್ಗಿಂದ ಬರ್ಲಿನ್‌ಗೆ ಮಾತ್ರ ನಾನು ಬಸ್ಸಲ್ಲಿ ಹೋಗಿದ್ದು. 2025ರ ಆಗಸ್ಟಿಂದ ಆ ಮೇನ್ ಲೈನೇ ಪೂರ್ತಿ ರಿಪೇರಿಗೆ ಅಂತ ತಿಂಗಳುಗಟ್ಲೆ ಮುಚ್ಚಿದ್ರು, ಐಸಿಇಗಳೇ ಸುತ್ತು ಹಾಕ್ಕೊಂಡು ಹೋಗ್ತಿದ್ವು, ರೀಜನಲ್ ಟ್ರೈನ್ ಬದ್ಲು ಬಸ್ಸು ಬಿಟ್ಟಿದ್ರು. ಮುಂದಿನ ವರ್ಷಗಳಲ್ಲೂ ಬೇರೆ ಬೇರೆ ಲೈನ್‌ಗಳನ್ನ ಹೀಗೇ ಮುಚ್ಚಿ ರಿಪೇರಿ ಮಾಡೋದಿದೆ, ಬೇಸ್ ಫಿಕ್ಸ್ ಮಾಡೋ ಮುಂಚೆ ಆ ತಿಂಗಳು ಯಾವ್ದು ಬಂದ್ ಅಂತ ಚೆಕ್ ಮಾಡ್ಕೊಳ್ಳಿ.

ಇಲ್ಲಿಗೆ ಬಂತು ಆ ಕಟ್ ಮಾಡಿದ ಒಂದು ಸ್ಟಾರಿನ ಕಥೆ. ಜರ್ಮನ್ ಟ್ರೈನ್ ಅಂದ್ರೆ ಗಡಿಯಾರ ಅಂತ ನಮ್ಮೂರಲ್ಲಿ ಇನ್ನೂ ನಂಬಿದ್ದಾರೆ. 2024ರಲ್ಲಿ ಡಾಯ್ಚೆ ಬಾನಿನ ಲಾಂಗ್ ಡಿಸ್ಟೆನ್ಸ್ ಗಾಡಿಗಳಲ್ಲಿ ಟೈಮಿಗೆ ಬಂದಿದ್ದು ನೂರಕ್ಕೆ 62.5, ಅದೂ ಆರು ನಿಮಿಷದೊಳಗಿನ ಲೇಟನ್ನ ಲೇಟು ಅಂತ ಎಣಿಸದೇ. ರೀಜನಲ್ ಗಾಡಿಗಳು ಎಷ್ಟೋ ವಾಸಿ, ಆದ್ರೆ ಪಾಸಲ್ಲಿ ಹೋಗೋರಿಗೆ ಚೇಂಜ್ ಜಾಸ್ತಿ, ಒಂದು ಗಾಡಿ ಎಂಟು ನಿಮಿಷ ಲೇಟಾದ್ರೆ ಮುಂದಿನದ್ದು ಹೋಗಿಬಿಡುತ್ತೆ, ಹಳ್ಳಿ ಕಡೆ ಅದರ ಮುಂದಿಂದು ಒಂದು ಗಂಟೆಗೆ. ಒಂದು ಸಂಜೆ ಸಣ್ಣ ಜಂಕ್ಷನಲ್ಲಿ ನಿಂತಿದ್ದೆ, ಬೋರ್ಡಲ್ಲಿ ಐದು ನಿಮಿಷ ಲೇಟ್ ಅಂತ ಬಂತು, ಆಮೇಲೆ ಹದಿನೈದು, ಆಮೇಲೆ ಗಾಡಿನೇ ರದ್ದು. ಪ್ಲಾಟ್‌ಫಾರ್ಮಲ್ಲಿ ಇದ್ದೋರು ಯಾರೂ ಬೈಯಲಿಲ್ಲ, ಒಬ್ಬ ಸೈಕಲ್ ಮನುಷ್ಯ ಸುಮ್ನೆ ಬಿಯರ್ ಬಾಟ್ಲಿ ಓಪನ್ ಮಾಡ್ಕೊಂಡು ಕೂತ. ಪಕ್ಕದ ಪ್ಲಾಟ್‌ಫಾರ್ಮಿಗೆ ಅದೇ ಊರಿಗೆ ಹೋಗೋ ಐಸಿ ಬಂದು ನಿಂತು ಹೋಯ್ತು, ಹತ್ತೋ ಹಾಗಿಲ್ಲ. ಮಾಮೂಲಿ ಟಿಕೆಟ್ ಇದ್ದೋರಿಗೆ ಲೇಟಾದ್ರೆ ಬೇರೆ ಗಾಡಿ ಹತ್ತೋ ಹಕ್ಕಿದೆ, ಈ ಪಾಸು ತುಂಬಾ ಅಗ್ಗದ್ದು ಅಂತ ಇದಕ್ಕೆ ಆ ಹಕ್ಕು ಕೊಟ್ಟಿಲ್ಲ. ಪರಿಹಾರ ಕೇಳಿದ್ರೆ, ಒಂದು ಗಂಟೆ ಮೇಲೆ ಲೇಟಾಗಿದ್ರೆ ಒಂದೂವರೆ ಯೂರೋ. ನಾಲ್ಕು ಯೂರೋಗಿಂತ ಕಮ್ಮಿ ಇದ್ರೆ ಅದನ್ನೂ ಕೊಡಲ್ಲ, ಹಂಗಾಗಿ ಮೂರು ಸಲ ಲೇಟಾಗೋ ತನಕ ಕಾದು ಒಟ್ಟಿಗೆ ಅರ್ಜಿ ಹಾಕ್ಬೇಕು. ವಾಪಸ್ ಬರೋ ಫ್ಲೈಟ್ ದಿನ ಈ ಪಾಸು ನಂಬ್ಕೊಂಡು ದೂರದ ಊರಿಂದ ಏರ್‌ಪೋರ್ಟಿಗೆ ಹೊರಡೋದು ಬೇಡ, ಹಿಂದಿನ ರಾತ್ರಿನೇ ಆ ಊರಿಗೆ ಬಂದು ಮಲ್ಕೊಳ್ಳಿ.

ಊಟದ ವಿಷ್ಯ ಬೇಗ ಮುಗಿಸ್ತೀನಿ. ಆಲ್ಡಿ, ಲಿಡ್ಲ್ ಅಂಗಡಿಗಳಲ್ಲಿ ಬ್ರೆಡ್ಡು, ಮೊಸರು, ಹಣ್ಣು, ಬಾಸ್ಮತಿ ಅಕ್ಕಿ ಎಲ್ಲಾ ಸಿಗುತ್ತೆ, ಹಾಸ್ಟೆಲಲ್ಲಿ ಕಿಚನ್ ಇದ್ರೆ ಮೊಸರನ್ನಕ್ಕೆ ಬರ ಇಲ್ಲ, ಚಟ್ನಿಪುಡಿ ಉಪ್ಪಿನಕಾಯಿ ಊರಿಂದ ತಗೊಂಡು ಹೋಗಿ, ತುಪ್ಪ ಬೇಡ, ಹಾಲಿನ ಪದಾರ್ಥ ಮಾಂಸ ಎರಡೂ ಹೊರಗಿನ ದೇಶದಿಂದ ತರೋ ಹಾಗಿಲ್ಲ. ಭಾನುವಾರ ಅಂಗಡಿ ಎಲ್ಲಾ ಬಂದ್, ದೊಡ್ಡ ಸ್ಟೇಷನ್ ಒಳಗಿನ ಅಂಗಡಿ ಮಾತ್ರ ತೆಗ್ದಿರುತ್ತೆ, ರೇಟು ಜಾಸ್ತಿ, ಹಾಗಾಗಿ ಶನಿವಾರ ಸಂಜೆನೇ ತುಂಬಿಸ್ಕೊಳ್ಳಿ. ನಲ್ಲಿ ನೀರು ಕುಡೀಬಹುದು. ನೀರಿನ ಪ್ಲಾಸ್ಟಿಕ್ ಬಾಟ್ಲಿ ಮೇಲೆ 25 ಸೆಂಟ್ ಡೆಪಾಸಿಟ್ ಹಾಕಿರ್ತಾರೆ, ಸೂಪರ್‌ಮಾರ್ಕೆಟ್ ಮಷೀನಿಗೆ ವಾಪಸ್ ಹಾಕಿದ್ರೆ ಚೀಟಿ ಬರುತ್ತೆ. ಸ್ಟೇಷನ್ ಟಾಯ್ಲೆಟ್‌ಗೆ ಒಂದು ಯೂರೋ ಕೇಳ್ತಾರೆ, ರೀಜನಲ್ ಟ್ರೈನ್ ಒಳಗಿನದು ಫ್ರೀ, ಇಳಿಯೋ ಮುಂಚೆ ಹೋಗಿಬನ್ನಿ, ನಗ್ಬೇಡಿ, ತಿಂಗಳ ಲೆಕ್ಕ ಹಾಕಿದ್ರೆ ಎರಡು ಊಟದ ದುಡ್ಡು ಅದು.

ಫ್ಯಾಮಿಲಿ ಸಮೇತ ಹೋಗೋರಿಗೆ: ಆರು ವರ್ಷದೊಳಗಿನ ಮಕ್ಕಳಿಗೆ ಪಾಸು ಬೇಡ, ಅದರ ಮೇಲಿನೋರಿಗೆ ಬೇಕು, ಗಂಡ ಹೆಂಡ್ತಿ ಇಬ್ರು ಮಕ್ಕಳು ಅಂದ್ರೆ ಈಗಿನ 63ರ ಲೆಕ್ಕದಲ್ಲಿ 252 ಯೂರೋ. ಹತ್ತು ದಿನಕ್ಕೆ ಬಂದು ಬವೇರಿಯಾ ಒಂದೇ ಸುತ್ತೋದಾದ್ರೆ ಅದರ ಬದ್ಲು ಬಯರ್ನ್ ಟಿಕೆಟ್ ಅಂತ ಒಂದು ದಿನದ ಗ್ರೂಪ್ ಟಿಕೆಟ್ ಇದೆ, ಐದು ಜನದ ತನಕ, ಆ ರಾಜ್ಯದ ರೀಜನಲ್ ಟ್ರೈನ್ ಎಲ್ಲಾ, ವಾರದ ದಿನ ಬೆಳಗ್ಗೆ 9ರಿಂದ ಮಾರನೇ ದಿನ 3 ಗಂಟೆ ತನಕ, ಶನಿವಾರ ಭಾನುವಾರ ಮಧ್ಯರಾತ್ರಿಯಿಂದಲೇ. ಬೇರೆ ರಾಜ್ಯಗಳಿಗೂ ಇಂಥದ್ದೇ ಇವೆ. ದೂರ ಹೋಗೋ ದಿನ ಮಾತ್ರ ಅದನ್ನ ತಗೊಂಡು, ಊರೊಳಗೆ ಸುತ್ತೋ ದಿನ ಆ ಊರಿನ ಡೇ ಪಾಸು ತಗೊಂಡ್ರೆ ನಾಲ್ಕು ಜನಕ್ಕೆ ಅದೇ ಅಗ್ಗ ಬೀಳೋ ಚಾನ್ಸ್ ಇದೆ, ಹೋಗೋ ದಿನಗಳನ್ನ ಒಂದು ಹಾಳೇಲಿ ಬರ್ಕೊಂಡು ಎರಡನ್ನೂ ಕೂಡಿಸಿ ನೋಡಿ ಆಮೇಲೆ ಪೇ ಮಾಡಿ.